ತುದಿ ಮುಟ್ಟದೆ ಬಂದವಳ ಫ್ಲೆಕ್ಸ್

ಆ ಫ್ಲೆಕ್ಸನ್ನು ನಾನು ಮೊದಲು ನೋಡಿದ್ದು ಬಸ್ಸಿನ ಕಿಟಕಿಯಿಂದ. ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಓಡಾಡುವ ನನಗೆ ಆ ರಸ್ತೆಯ ಫ್ಲೆಕ್ಸುಗಳೆಲ್ಲ ಬಾಯಿಪಾಠ. ಹುಟ್ಟುಹಬ್ಬದವು, ಹುದ್ದೆ ಸಿಕ್ಕವರವು, ಹೊಸ ಬಟ್ಟೆ ಅಂಗಡಿಯವು. ಅಂದು ಬೆಳಿಗ್ಗೆ ಮಾತ್ರ ಹುಮನಾಬಾದಿನ ಮೂರಂತಸ್ತಿನ ಕಟ್ಟಡವೊಂದರ ಮುಂಭಾಗವನ್ನು ಅರ್ಧ ಮುಚ್ಚಿಕೊಂಡು ನನ್ನ ಶಿಷ್ಯೆ ನಗುತ್ತಿದ್ದಳು. ಕಪ್ಪು ಕನ್ನಡಕ, ಕೈಯಲ್ಲಿ ಹಿಮಗೊಡಲಿ, ಹಿಂದೆ ಯಾವ ದೇಶದ್ದೋ ಏನೋ ಒಂದು ಬೆಟ್ಟ. 'ಹಿಮಶಿಖರ ಗೆದ್ದು ಬಂದ ನಮ್ಮ ಮನೆಮಗಳಿಗೆ ಹಾರ್ದಿಕ ಅಭಿನಂದನೆಗಳು.' ಕೆಳಗೆ ಶುಭ ಕೋರುವವರ ಮುಖಗಳ ಸಾಲು. ಆ ಸಾಲಿನ ಕೊನೆಯಲ್ಲಿ ನಾನೂ ಇದ್ದೆ. ನನ್ನ ವಾಟ್ಸಾಪಿನಿಂದ ಎತ್ತಿದ ಹಳೆಯ ಫೋಟೋ. ಅದರಲ್ಲಿ ನನಗೆ ಇನ್ನೂ ಒಂದೇ ಗದ್ದವಿತ್ತು, ಹಾಗಾಗಿ ಫೋಟೋದ ಬಗ್ಗೆ ನನಗೆ ದೂರಿಲ್ಲ.

ದೂರು ಇದ್ದದ್ದು ಒಂದೇ. ಆಕೆ ಆ ಶಿಖರ ಏರಿರಲಿಲ್ಲ.

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಒಂದಷ್ಟು ಹುಡುಗ ಹುಡುಗಿಯರಿಗೆ ಬಂಡೆ ಹತ್ತುವುದು, ಹಗ್ಗದ ಮೇಲೆ ಇಳಿಯುವುದು ಕಲಿಸುತ್ತೇನೆ. ನಮ್ಮ ಕಡೆ ಬೆಟ್ಟವೇ ಇಲ್ಲವಲ್ಲ ಎಂದು ಕೇಳುವವರಿಗೆ ಬಸವಕಲ್ಯಾಣದ ಹೊರಗಿನ ಪಾಳುಬಿದ್ದ ಕಲ್ಲಿನ ಖಣಿ ತೋರಿಸುತ್ತೇನೆ. ಬೆಟ್ಟ ಮೇಲಕ್ಕಿದ್ದರೇನು, ಕೆಳಕ್ಕಿದ್ದರೇನು, ಗೋಡೆ ಗೋಡೆಯೇ. ಸಾಹಸ ಕ್ರೀಡೆಯವರ ಮನಸ್ಸನ್ನು ಗಟ್ಟಿಮಾಡುವುದು ಹೇಗೆ ಎಂಬ ತರಬೇತಿಯನ್ನೂ ಪಡೆದಿದ್ದೇನೆ. ಇದನ್ನು ಕೇಳಿ ನನ್ನ ಮನೆಯವರು ಇನ್ನೂ ನಗುತ್ತಾರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಡುದಾರಿಯ ರಾಜೇಶ್ವರದವರೆಗೆ ಹೋದ ಬಸ್ಸಿನಿಂದ ಇಳಿದು ವಾಪಸ್ ಬಂದವಳು ನಾನು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಫಿಕರ್ ಮೇಡಂ' ಅನ್ನುತ್ತಾರೆ. ಅದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೇನೆ.

ಶಿಷ್ಯೆಯ ಮನೆ ರಾಜೇಶ್ವರದಲ್ಲಿ. ಹಿಮಾಲಯದಲ್ಲಿ ನಡೆದ ಪರ್ವತಾರೋಹಣ ಶಿಬಿರದಿಂದ ರೈಲು ಹತ್ತುವಾಗಲೇ ಆಕೆ ನನಗೆ ಫೋನು ಮಾಡಿ ನಡೆದದ್ದನ್ನು ಹೇಳಿದ್ದಳು. ಮನೆಗೆ ಮಾತ್ರ, ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದ ಜಾಗದಿಂದ, "ಆರಾಮಾಗಿ ಕೆಳಗ ಬಂದೀನವ್ವಾ" ಎಂದಷ್ಟೇ ಹೇಳಿದ್ದಳು. ಅವಳ ಕಾಕಾನಿಗೆ, ಅಂದರೆ ಚಿಕ್ಕಪ್ಪನಿಗೆ, ಅಷ್ಟು ಸಾಕಾಯಿತು. ಪೈಪು-ಮೋಟಾರು ಅಂಗಡಿಯ ಮಾಲೀಕರು, ಆ ಮೂರಂತಸ್ತಿನ ಕಟ್ಟಡವೂ ಅವರದೇ. ಅವರ ತರ್ಕ ನೇರವಾಗಿತ್ತು. "ಕೆಳಗ ಬಂದಾಳ ಅಂದ್ರ ಮ್ಯಾಲ ಹೋಗಿದ್ಳು ಅಂದಂಗಲ್ಲ?" ಆಕೆ ಬಂದಿಳಿಯುವ ಹೊತ್ತಿಗೆ ಫ್ಲೆಕ್ಸ್ ಏರಿತ್ತು, ಬಸ್ ಸ್ಟ್ಯಾಂಡಿನಲ್ಲಿ ಬಾಜಾ ಬಜಂತ್ರಿ ನಿಂತಿತ್ತು. ಕೊರಳಿಗೆ ಬಿದ್ದ ಹಾರಗಳ ನಡುವೆ ಆಕೆಯ ಬಾಯಿಂದ ಒಂದು ಮಾತೂ ಬರಲಿಲ್ಲ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಆಮೇಲೆ ಆಕೆ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮುಂದಿನ ಹಂತದ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು, ಬರುತ್ತೇನೆ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು. ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು. ನಾನು ಅವರ ಮನೆಗೆ ಹೋದಾಗ ಆಕೆ ಅಂದದ್ದು ಇಷ್ಟೇ. "ನನಗ ಗುಡ್ಡ ಸಾಕಾತ್ರಿ ಮೇಡಂ. ಬಿ.ಎಡ್. ಮಾಡ್ತೀನಿ."

ಮಗಳು ಬಿ.ಎಡ್. ಮಾಡುತ್ತೇನೆ ಅಂದರೆ ನಮ್ಮ ಕಡೆ ಪೇಡೆ ಹಂಚುತ್ತಾರೆ. ಅವಳ ಅವ್ವ ಆಗಲೇ ಹಂಚುವ ಖುಷಿಯಲ್ಲಿದ್ದರು. ನನಗೆ ಮಾತ್ರ ಆ ಖುಷಿ ಬರಲಿಲ್ಲ. ಈ ಹುಡುಗಿ ಖಣಿಯ ಗೋಡೆಯ ಮೇಲೆ ಹಲ್ಲಿಯ ಹಾಗೆ ಹರಿದಾಡುವುದನ್ನು ನಾನು ಕಂಡಿದ್ದೆ. ಅವಳು ಹಗ್ಗ ಬಿಡುವುದಾದರೆ ಬಿಡಲಿ, ಆದರೆ ಬೇಜಾರಾಗಿ ಬಿಡಲಿ, ನಾಚಿಕೊಂಡು ಬಿಡುವುದು ಬೇಡ ಅನ್ನಿಸಿತು.

ಕೆಲಸ ಶುರುಮಾಡಿದೆ. ಇಂಥದಕ್ಕೆ ನಾನು ಕಲಿತ ಕ್ರಮವೊಂದಿದೆ. ಮೊದಲು ನಿದ್ದೆ, ಊಟ. ಪರ್ವತದಿಂದ ಬಂದವರಿಗೆ ಎಲ್ಲರೂ ಹಾರ ಹಾಕುತ್ತಾರೆ, ನಿದ್ದೆ ಬರುತ್ತಿದೆಯಾ ಎಂದು ಯಾರೂ ಕೇಳುವುದಿಲ್ಲ. ಎರಡನೆಯದು, ನಡೆದದ್ದನ್ನು ನಡೆದ ಅನುಕ್ರಮದಲ್ಲೇ ಹೇಳಿಸುವುದು. ತೀರ್ಪು ಬೇಡ, ಮೊದಲು ಏನಾಯಿತು, ಆಮೇಲೆ ಏನಾಯಿತು, ಅಷ್ಟೇ. ಮೂರನೆಯದು, ಕೈಗೆ ಹಗ್ಗ ಕೊಡುವುದು. ಸಣ್ಣ ಗಂಟಿನಿಂದ ಹಿಡಿದು ಮೆಲ್ಲಗೆ ಎತ್ತರಕ್ಕೆ.

ಮೊದಲನೆಯದು ಸುಸೂತ್ರವಾಯಿತು. ರಾಜೇಶ್ವರದ ಅವ್ವನ ಕೈಯ ಊಟ, ನಾನೂ ಎರಡು ರೊಟ್ಟಿ ಹೆಚ್ಚೇ ತಿಂದೆ. ಎರಡನೆಯದರಲ್ಲಿ ಅವ್ವನನ್ನು ನೆಪ ಹೇಳಿ ಹೊರಗೆ ಕಳಿಸಿ ಕೂತೆವು. ಆಕೆ ತಡವರಿಸದೆ ಹೇಳಿದಳು. ಗಾಳಿಗೆ ತಂಡ ನಿಧಾನವಾಯಿತು. ಎಷ್ಟೇ ಹತ್ತಿರವಿದ್ದರೂ ಇಂತಿಷ್ಟು ಹೊತ್ತಾದರೆ ತಿರುಗಲೇಬೇಕು ಎಂದು ನಾಯಕರು ಹೊರಡುವಾಗಲೇ ಹೇಳಿದ್ದರು. ಇಳಿಯಲೂ ಬೆಳಕು ಬೇಕು, ಕಾಲಲ್ಲಿ ಕಸುವು ಬೇಕು. ಆ ಹೊತ್ತಾಯಿತು. ತಿರುಗಿದರು.

"ತುದಿ ಕಾಣ್ತಿತ್ರಿ ಮೇಡಂ. ನಮ್ಮ ಮನಿಯಿಂದ ರೋಡ್ ಎಷ್ಟದ, ಅಷ್ಟ."

"ತಿರುಗಿದ್ದು ಬರೋಬರಿ ಮಾಡಿದಿ."

"ಗೊತ್ತದ್ರಿ."

ಇಲ್ಲಿ ನನ್ನ ಪುಸ್ತಕದ ವಿದ್ಯೆ ಕೈಕೊಟ್ಟಿತು. ತಪ್ಪು ಮಾಡಿದೆ ಎಂದುಕೊಂಡವಳಿಗೆ ತಪ್ಪಲ್ಲ ಎಂದು ತಿಳಿಸಿ ಹೇಳಬಹುದು. ತಪ್ಪಲ್ಲ ಎಂದು ಆಗಲೇ ಗೊತ್ತಿರುವವಳಿಗೆ ಏನು ಹೇಳುವುದು? ನಾನು ನೀರು ಕುಡಿದೆ. ಆಕೆಯೂ ಕುಡಿದಳು.

ಮೂರನೆಯದಕ್ಕೆ ಖಣಿಗೆ ಕರೆದುಕೊಂಡು ಹೋದೆ. ಸೊಂಟಕ್ಕೆ ಹಾರ್ನೆಸ್ ಪಟ್ಟಿ ಕಟ್ಟಿಕೊಂಡಳು, ಹಗ್ಗದ ತುದಿ ಹಿಡಿದಳು. ಎಂಟರ ಆಕಾರದ ಒಂದು ಗಂಟಿದೆ, ಹತ್ತುವವರು ಕಲಿಯುವ ಮೊದಲ ಗಂಟೇ ಅದು, ಕಣ್ಣು ಮುಚ್ಚಿ ಹಾಕುವಂಥದ್ದು. ಹಾಕಿದಳು. ಅಷ್ಟರಲ್ಲಿ ಪಕ್ಕದ ಹೊಲದ ದಾರಿಯಲ್ಲಿ ಹೊರಟಿದ್ದ ಒಬ್ಬರು ಟ್ರ್ಯಾಕ್ಟರು ನಿಲ್ಲಿಸಿದರು.

"ಫ್ಲೆಕ್ಸಿನ್ಯಾಗಿನಾಕಿ ಅಲ್ಲೇನವ್ವ ನೀ?"

"ಹೌದ್ರಿ."

"ಶಭಾಷ್! ತುದಿ ಮ್ಯಾಲ ಹ್ಯಾಂಗಿತ್ತು?"

"ಛಲೋ ಇತ್ರಿ."

ಟ್ರ್ಯಾಕ್ಟರು ಹೋಯಿತು. ಆಕೆ ಗಂಟು ಬಿಚ್ಚಿ ಮತ್ತೆ ಹಾಕಿದಳು. ತಪ್ಪಾಯಿತು. ಮತ್ತೊಮ್ಮೆ ಹಾಕಿದಳು. ಅದೂ ತಪ್ಪಿತು. ಹಗ್ಗ ಕೆಳಗಿಟ್ಟು, "ಆಗವಲ್ದ್ರಿ ಮೇಡಂ" ಎಂದು ಕೂತುಬಿಟ್ಟಳು.

ಎತ್ತರದ ಭಯ ಹೊಕ್ಕಿದೆ ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ತೀರ್ಮಾನಿಸುವುದರಲ್ಲಿ ನಾನು ಚುರುಕು. ಮೊದಲು ಕುರ್ಚಿಯ ಮೇಲೆ ನಿಲ್ಲಿಸುವುದು, ಆಮೇಲೆ ಏಣಿ, ಆಮೇಲೆ ನಮ್ಮ ಮನೆಯ ಮಾಳಿಗೆ, ಹೀಗೆ ತಲೆಯಲ್ಲೇ ಯೋಜನೆ ಹಾಕುತ್ತಿರುವಾಗ ಗಾಳಿ ಬೀಸಿ ನನ್ನ ಟೋಪಿ ಹಾರಿತು. ಅದು ಖಣಿಯ ಅಂಚಿನುದ್ದಕ್ಕೂ ಉರುಳಿಕೊಂಡು ಹೋಯಿತು. ಕೂತಿದ್ದವಳು ಎದ್ದು, ಹಗ್ಗವೂ ಇಲ್ಲದೆ, ಆ ಅಂಚಿನ ಮೇಲೆಯೇ ಓಡಿ ಹಿಡಿದು ತಂದುಕೊಟ್ಟಳು. ನನ್ನ ಜೀವ ಹಾರಿ ಮತ್ತೆ ಬಂದು ಕೂತಿತು. ಬಯ್ಯಲು ಹೊರಟಾಗಲೇ ಹೊಳೆಯಿತು. ಇವಳಿಗೆಲ್ಲಿಯ ಎತ್ತರದ ಭಯ?

ಗಂಟು ಸರಿಯಾಗಿದ್ದದ್ದು ಟ್ರ್ಯಾಕ್ಟರು ಬರುವ ಮೊದಲು. ತಪ್ಪಿದ್ದು 'ಹೌದ್ರಿ' ಅಂದ ಮೇಲೆ. ಬೆಟ್ಟ ಅವಳಿಗೆ ಏನೂ ಮಾಡಿರಲಿಲ್ಲ. ಮಾಡಿದ್ದು ಫ್ಲೆಕ್ಸು. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ ಆಕೆ ಒಂದು ಸುಳ್ಳು ಹೇಳಬೇಕಿತ್ತು, ಹಗ್ಗ ಮುಟ್ಟಿದರೆ ಆ ಸುಳ್ಳು ಕೈಗೆ ಹತ್ತುತ್ತಿತ್ತು.

ಹಾಗಾದರೆ ಫ್ಲೆಕ್ಸ್ ಇಳಿಯಬೇಕು. ಕಾಕಾನಿಗೆ ನಾನೇ ಹೇಳಿಬಿಡುತ್ತೇನೆ ಎಂದು ಹೊರಟೆ. ಬಸ್ಸಿನಲ್ಲಿ ನಾಲ್ಕು ವಾಕ್ಯ ಜೋಡಿಸಿಕೊಂಡೆ. ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಎದ್ದು ನಿಂತರು.

"ಬರ್ರಿ ಬರ್ರಿ ಮೇಡಂ, ನಿಮ್ಮ ಫೋಟೋ ನೋಡಿದ್ರೇನು? ಏ, ಮೇಡಂಗ ಸುಸಲಾ ಮಿರ್ಚಿ ತರಸ್ರಿ!"

"ಕಾಕಾ, ಆ ಫ್ಲೆಕ್ಸಿನ ಬಗ್ಗೆನ ಜರಾ ಮಾತಾಡೂದಿತ್ತು…"

"ಗೊತ್ತದ ಗೊತ್ತದ. ನಿಮ್ಮ ಫೋಟೋ ಸಣ್ಣದಾಗ್ಯದ. ಸನ್ಮಾನದ ಫ್ಲೆಕ್ಸಿನ್ಯಾಗ ದೊಡ್ಡದು ಹಾಕಸ್ತೀನಿ, ಫಿಕರ್ ಮಾಡಬ್ಯಾಡ್ರಿ."

"ಸನ್ಮಾನಾನಾ?"

"ಮತ್ತ! ನೀವ ಮುಖ್ಯ ಅತಿಥಿ."

ಮಂಡಕ್ಕಿ ಒಗ್ಗರಣೆಯ ಸುಸಲಾ ತಿಂದೆ, ಮಿರ್ಚಿ ಭಜಿ ತಿಂದೆ, ಚಹಾ ಕುಡಿದೆ. ಹೊರಬರುವಾಗ ನಾನು ಮುಖ್ಯ ಅತಿಥಿಯಾಗಿದ್ದೆ. ಜೋಡಿಸಿಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಒಂದನ್ನೂ ಹೇಳಿರಲಿಲ್ಲ.

ಅಲ್ಲಿಂದ ಸೀದಾ ರಾಜೇಶ್ವರಕ್ಕೆ ಹೋಗಿ ಶಿಷ್ಯೆಯ ಮುಂದೆ ಕೂತು ನಡೆದದ್ದನ್ನು ನಡೆದ ಅನುಕ್ರಮದಲ್ಲೇ ಹೇಳಿದೆ. ಮಿರ್ಚಿಯ ಹತ್ತಿರ ಬರುವಷ್ಟರಲ್ಲಿ ಆಕೆಯ ತುಟಿ ಅಲುಗಿತು. ಮುಖ್ಯ ಅತಿಥಿ ಅಂದಾಗ ಪಕ್ಕೆ ಹಿಡಿದುಕೊಂಡು ನಕ್ಕಳು. ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

"ನಿಮಗೂ ಹೇಳಾಕ ಆಗ್ಲಿಲ್ಲೇನ್ರಿ?"

"ಇಲ್ಲವಾ. ಅವ್ರು ಅಷ್ಟು ಖುಷಿ ಇದ್ರು."

"ನನಗೂ ಹಂಗ ಆಗಿದ್ದು."

ಆಗ ನನಗೆ ಒಂದು ಸುಲಭದ ದಾರಿ ಹೊಳೆಯಿತು. ಫ್ಲೆಕ್ಸ್ ಗಾಳಿಗೆ ಹರಿಯಿತು ಎಂದು ಹೇಳಿ ಯಾರಿಂದಲಾದರೂ ತೆಗೆಸಿಬಿಡುವುದು. ನನ್ನಂಥ ಫಿಕರ್ ಜೀವಕ್ಕೆ ಇಂಥ ಅಡ್ಡದಾರಿಗಳು ತಾವಾಗಿಯೇ ಹೊಳೆಯುತ್ತವೆ. ಆದರೆ ಎದುರಿಗೆ ನಗುತ್ತ ಕೂತ ಮುಖ ನೋಡಿ ಅದನ್ನು ನುಂಗಿಕೊಂಡೆ. ಫ್ಲೆಕ್ಸ್ ಮಾಯವಾದರೆ ಸುಳ್ಳೇನೂ ಮಾಯವಾಗುವುದಿಲ್ಲ. ನಿಜವನ್ನು ನಾನು ಹೇಳಿದರೂ ಅದು ನನ್ನ ಮಾತಾಗುತ್ತದೆ, ಅವಳದಾಗುವುದಿಲ್ಲ.

"ನಾ ಹೇಳಂಗಿಲ್ಲ, ನೀನ ಹೇಳಬೇಕು" ಅಂದೆ. "ನಾ ಬಾಜೂಕ ಕೂಡ್ತೀನಿ. ಮಿರ್ಚಿ ತಿನ್ನಂಗಿಲ್ಲ."

ಮರುದಿನ ಇಬ್ಬರೂ ಹೋದೆವು. ಆಕೆ ಕೂರಲೇ ಇಲ್ಲ, ನಿಂತೇ ಹೇಳಿದಳು. "ಕಾಕಾ, ನಾ ತುದಿಗಿ ಹೋಗಿಲ್ಲ. ಹತ್ರ ಹೋಗಿ ತಿರುಗಿ ಬಂದೀನಿ."

ಕಾಕಾ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಫ್ಯಾನನ್ನೂ ನೋಡಿದರು. "ಬಸ್ ಸ್ಟ್ಯಾಂಡಿನ್ಯಾಗ ಯಾಕ ಹೇಳಲಿಲ್ಲವಾ?"

"ಹಾರ ಹಾಕಿದ್ರಲ್ಲ ಕಾಕಾ. ಹಾರ ಹಾಕಸ್ಕೊಂಡ ಮ್ಯಾಲ ಹ್ಯಾಂಗ ಹೇಳೂದು?"

ಅವರಿಗೆ ಇದು ಸರಿಯೆನಿಸಿತೋ ಏನೋ, ತಲೆಯಾಡಿಸಿದರು. ಆಮೇಲೆ ಅಂಗಡಿಯವರ ಬುದ್ಧಿ ಓಡಿತು. "ಒಂದು ಕೆಲಸ ಮಾಡೂಣು. ಸಣ್ಣ ಸ್ಟಿಕ್ಕರ್ ಅಂಟಸೂಣು. 'ಬಹುತೇಕ' ಅಂತ."

"ಕಾಕಾ!"

"ಆತು ಆತು. ಆದ್ರ ಇಳಸಾಕ ಯಾರದಾರ? ಕಟ್ಟಿದ ಹುಡುಗ್ರು ಕಲಬುರಗಿಗೆ ಹೋಗ್ಯಾರ. ಲಗ್ನದ ಸೀಜನ್, ಲಗೂನ ಬರಂಗಿಲ್ಲ."

ಆಕೆ ಬಾಗಿಲಿಗೆ ಹೋಗಿ ತಲೆಯೆತ್ತಿ ತನ್ನದೇ ಮುಖವನ್ನು ಕೆಳಗಿನಿಂದ ಮೇಲಿನವರೆಗೆ ಅಳೆದಳು. ಖಣಿಯ ಗೋಡೆಯನ್ನು ಹೀಗೆಯೇ ಅಳೆಯುತ್ತಿದ್ದಳು. "ಹಗ್ಗ ಅದಲ್ರಿ ಮೇಡಂ" ಅಂದಳು. "ನಾನ ಇಳಸ್ತೀನಿ."

ಬೇಡ ಎಂದು ಹೇಳಲು ನನ್ನಲ್ಲಿ ಕಾರಣಗಳ ಮೂಟೆಯೇ ಇತ್ತು. ಹೇಳಲಿಲ್ಲ. ಬೆಳಗಿನ ಗಾಳಿಯಿಲ್ಲದ ಹೊತ್ತು ನೋಡಿ ಮಾಡೋಣ ಅಂದೆ.

ಆ ಬೆಳಿಗ್ಗೆ ಕಾಕಾ ಕಟ್ಟಡದ ಮುಂದೆ ಖಾಲಿ ಮೋಟಾರು ಪೆಟ್ಟಿಗೆಗಳನ್ನು ಸಾಲಾಗಿಟ್ಟು ಜನ ಕೆಳಗೆ ಬರದಂತೆ ಮಾಡಿದರು. ನಾನು ಮಾಳಿಗೆಯ ಮೇಲೆ ಹಗ್ಗ ಕಟ್ಟಿದೆ. ಫ್ಲೆಕ್ಸಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿರಿ, ಆನೆ ತೂಗಿದರೂ ನಿಲ್ಲುತ್ತದೆ ಎಂದು ಕಾಕಾ ಭರವಸೆ ಕೊಟ್ಟರು. ಆನೆ ತೂಗಿ ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಮೆಟ್ಟಿಲ ಕೋಣೆಯ ಕಾಂಕ್ರೀಟು ಕಂಬಗಳನ್ನು ಆರಿಸಿದೆ. ಒಂದು ಕಂಬಕ್ಕೆ ಆಕೆ ಇಳಿಯುವ ಹಗ್ಗ, ಇನ್ನೊಂದಕ್ಕೆ ನಾನು ಹಿಡಿಯುವ ರಕ್ಷಣೆಯ ಹಗ್ಗ. ಒಂದು ಕೈಕೊಟ್ಟರೆ ಇನ್ನೊಂದಿರಬೇಕು. ಗೋಡೆಯ ಅಂಚು ಹಗ್ಗವನ್ನು ಉಜ್ಜದಂತೆ ಗೋಣಿಚೀಲ ಮಡಚಿ ಹಾಸಿದೆ. ಕೈಜಾರಿದರೂ ಯಾರ ತಲೆಯ ಮೇಲೂ ಬೀಳದಂತೆ ಚಾಕುವನ್ನು ದಾರದಿಂದ ಅವಳ ಸೊಂಟಕ್ಕೆ ಕಟ್ಟಿದೆ. ಮೊದಲು ಫ್ಲೆಕ್ಸನ್ನು ಚೌಕಟ್ಟಿಗೆ ಬಿಗಿದಿದ್ದ ಎಡಬದಿಯ ದಾರಗಳನ್ನು ಕೊಯ್ಯುತ್ತ ಇಳಿಯುವುದು, ಮೆಟ್ಟಿಲು ಹತ್ತಿ ಬಂದು ಬಲಬದಿ ಮತ್ತು ಕೆಳಬದಿ, ಕೊನೆಗೆ ಮೇಲಿನ ಅಂಚನ್ನು ಮಾಳಿಗೆಯಿಂದಲೇ ಬಿಚ್ಚಿ ಇಳಿಬಿಡುವುದು ಎಂದು ಕ್ರಮ ಹಾಕಿಕೊಂಡೆವು.

ಆಕೆ ಎಂಟರ ಗಂಟು ಹಾಕಿದಳು. ನಾನು ನೋಡಿದೆ. ಮತ್ತೊಮ್ಮೆ ನೋಡಿದೆ.

"ಗಂಟು ಅಂಜಿ ತಾನ ಬಿಚ್ಚಿಕೊಳ್ಳೂ ತನಕ ನೋಡ್ತೀರೇನ್ರಿ ಮೇಡಂ?" ಎಂದು ಕೇಳಿ ಗೋಡೆ ದಾಟಿದಳು.

ಇಲ್ಲೊಂದು ಸಂಗತಿಯನ್ನು ನಾನು ಮೊದಲು ಯೋಚಿಸಿರಲಿಲ್ಲ. ಎಲ್ಲವನ್ನೂ ಯೋಚಿಸುವ ನಾನು ಇದನ್ನೇ ಬಿಟ್ಟಿದ್ದೆ. ಗೋಡೆ ದಾಟಿದ ಮೇಲೆ ಆಕೆ ನನಗೆ ಕಾಣುವುದಿಲ್ಲ. ಖಣಿಯಲ್ಲಿ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದೆ, ಅವಳ ಒಂದೊಂದು ಹೆಜ್ಜೆಯೂ ಕಾಣುತ್ತಿತ್ತು. ಇಲ್ಲಿ ನನಗಿದ್ದದ್ದು ಕೈಯಲ್ಲಿನ ಹಗ್ಗ ಮತ್ತು ಎರಡು ಕಿವಿ. ಹಗ್ಗ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಸರಿಯುತ್ತಿತ್ತು, ಪಟ್ ಪಟ್ ಎಂದು ದಾರ ಕೊಯ್ಯುವ ಸದ್ದು ಬರುತ್ತಿತ್ತು. ಕೆಳಗೆ ಜನ ಸೇರುವ ಗದ್ದಲವೂ ಏರಿತು.

ಆಗ ಮುದುಕರೊಬ್ಬರ ಗಟ್ಟಿ ದನಿ ಕೇಳಿಸಿತು. "ಏ ತಂಗಿ, ಅದು ನಿಂದ ಫೋಟೋ ಅಲ್ಲೇನು? ಯಾಕ ತೆಗಿಯಾಕತ್ತಿ?"

ಹಗ್ಗ ನಿಂತಿತು. ದಾರ ಕೊಯ್ಯುವ ಸದ್ದೂ ನಿಂತಿತು. ನಾನು ಮಾಳಿಗೆಯಿಂದಲೇ ಕೂಗಿ ಏನಾದರೂ ಹೇಳಿಬಿಡಲು ಬಾಯಿ ತೆರೆದೆ. ಹೊಸದು ಹಾಕಾಕತ್ತೀವ್ರಿ ಅಂತಲೋ, ಹರದದ್ರಿ ಅಂತಲೋ. ತೆರೆದ ಬಾಯನ್ನು ಹಾಗೇ ಮುಚ್ಚಿದೆ. ನನ್ನ ಕೆಲಸ ಹಗ್ಗ ಹಿಡಿಯುವುದು.

"ತಪ್ಪು ಬರದಾರ್ರಿ ಅಜ್ಜಾ" ಎಂದಿತು ಗೋಡೆಯಾಚೆಯ ದನಿ. ಮೊದಲು ಸಣ್ಣದಾಗಿ, ಆಮೇಲೆ ಬೀದಿಗೆಲ್ಲ ಕೇಳುವಂತೆ. "ನಾ ತುದಿ ಮುಟ್ಟಿಲ್ಲ. ಹತ್ರ ಹೋಗಿ ವಾಪಸ್ ಬಂದೀನಿ!"

ಕೆಳಗೆ ಗದ್ದಲ ಕಡಿಮೆಯಾಯಿತು. ಮುದುಕರೇ ಮತ್ತೆ ಕೇಳಿದರು.

"ಎಷ್ಟು ಉಳದಿತ್ತು?"

"ಇಲ್ಲಿಂದ ಬಸ್ ಸ್ಟ್ಯಾಂಡಿನಷ್ಟು!"

"ಅಷ್ಟ? ಹಂಗಾದ್ರ ಮುಟ್ಟಿದಂಗ ಆತಲ್ಲ!"

"ಆಗಂಗಿಲ್ರಿ ಅಜ್ಜಾ. ಅಲ್ಲಿ ಆಟೋ ಸಿಗಂಗಿಲ್ಲ!"

ಬೀದಿ ನಕ್ಕಿತು. ಅಷ್ಟು ಮೇಲಿದ್ದ ನನಗೂ ಆ ನಗೆ ಕಾಲಡಿ ಬಂದಂತಾಯಿತು. ಯಾರೋ ಸಿಳ್ಳೆ ಹಾಕಿದರು. ಮುದುಕರು ಬಿಡುವವರಲ್ಲ. "ಮತ್ತ ಅಷ್ಟಕ್ಕ ಯಾಕ ತಿರುಗಿದಿ?"

"ಇಳಿಯಾಕೂ ಹೊತ್ತು ಬೇಕಲ್ರಿ. ಅಲ್ಲೇ ಕತ್ಲಾಗಿದ್ರ ನೀವು ಇವತ್ತ ಯಾರ ಕೂಡ ಮಾತಾಡ್ತಿದ್ರಿ?"

"ಅದೂ ಖರೇ" ಅಂದರು ಮುದುಕರು. ಕಾಕಾನ ದನಿಯೂ ಸೇರಿತು. ತಪ್ಪು ತನ್ನದೆಂದು, ಮಗಳು ಏನೂ ಹೇಳಿರಲಿಲ್ಲವೆಂದು, ಬಂದವರೆಲ್ಲ ಚಹಾ ಕುಡಿದು ಹೋಗಬೇಕೆಂದು ಅವರು ಒಂದೇ ಉಸಿರಿನಲ್ಲಿ ಘೋಷಿಸಿದರು. ಹಗ್ಗ ಮತ್ತೆ ಸರಿಯಿತು. ಪಟ್ ಪಟ್.

ಎರಡನೆಯ ಇಳಿತ ಕಷ್ಟದ್ದು. ಎಡಬದಿ ಬಿಚ್ಚಿಕೊಂಡ ಫ್ಲೆಕ್ಸಿನೊಳಗೆ ಎಲ್ಲಿಂದಲೋ ಬಂದ ಗಾಳಿ ತುಂಬಿ ಅದು ಹಡಗಿನ ಹಾಯಿಯಂತೆ ಉಬ್ಬಿತು. ಹಗ್ಗ ಒಮ್ಮೆಲೇ ಬಲಕ್ಕೆ ಜಗ್ಗಿತು. ಕೆಳಗೆ ಹೋ ಎಂಬ ಕೂಗು. ನಾನು ಹಗ್ಗವನ್ನು ಬಿಗಿಹಿಡಿದು ಕಂಬಕ್ಕೆ ಕಾಲು ಕೊಟ್ಟು ನಿಂತೆ, ನನಗೆ ತಿಳಿದ ದೇವರುಗಳನ್ನೆಲ್ಲ ಜಾತಿ ಭೇದವಿಲ್ಲದೆ ಕರೆದೆ.

"ಮೇಡಂ!"

"ಏನಾತು? ಏನಾತವಾ?"

"ಸಡ್ಲ ಬಿಡ್ರಿ! ನಾ ಆರಾಮದೀನಿ, ನೀವು ಜಗ್ಗಿದ್ದಕ್ಕ ತೂಗಾಡಾಕತ್ತೀನಿ!"

ಸಡಿಲ ಬಿಟ್ಟೆ. ಸಡಿಲ ಬಿಡುವುದು ನನ್ನ ಸ್ವಭಾವಕ್ಕೆ ಎಷ್ಟು ವಿರುದ್ಧವೆಂದು ನನ್ನ ಭುಜಗಳು ಎರಡು ದಿನ ಹೇಳಿದವು. ಗಾಳಿ ನಿಲ್ಲುವವರೆಗೆ ಆಕೆ ಕಾಲನ್ನು ಗೋಡೆಗೆ ಒತ್ತಿ ಸುಮ್ಮನೆ ಕಾದಳೆಂದು ಆಮೇಲೆ ಕಾಕಾ ಹೇಳಿದರು. ಮನಸ್ಸಿನ ಗಟ್ಟಿತನವನ್ನು ಆಸ್ಪತ್ರೆಯ ಸಲೈನ್ ಹಾಗೆ ಹೊರಗಿನಿಂದ ಏರಿಸಬೇಕೆಂದು ನಾನು ತಿಳಿದಿದ್ದೆ. ಗಾಳಿಗೆ ಕಾಯಬೇಕೆಂದು ಅವಳಿಗೆ ಆಗಲೇ ಗೊತ್ತಿತ್ತು. ಹಿಮದಲ್ಲಿ ತಿರುಗಿ ಬಂದಿದ್ದೂ ಅದೇ ತಿಳಿವಳಿಕೆಯಿಂದ. ನಡುವೆ ಬಂದು ನಿಂತ ಅಡ್ಡಿಯನ್ನು ಸರಿಸಲು ಅವಳಿಗೆ ಬೇಕಿದ್ದದ್ದು ಹಗ್ಗ ಹಿಡಿಯುವ ಒಬ್ಬರು, ಅಷ್ಟೇ.

ಮೇಲಿನ ಅಂಚು ಬಿಚ್ಚಿ ಇಬ್ಬರೂ ಫ್ಲೆಕ್ಸನ್ನು ಇಳಿಬಿಟ್ಟೆವು. ಕೆಳಗೆ ಹತ್ತಾರು ಕೈಗಳು ಹಿಡಿದುಕೊಂಡವು. ಸೋಯಾ ರಾಶಿಯ ಮೇಲೆ ಹೊದಿಸಲು ನನಗೆ ಬೇಕು, ನನಗೆ ಬೇಕು ಎಂದು ಅಲ್ಲೇ ಜಗಳ ಶುರುವಾಯಿತು. ಕಾಕಾ ಅದನ್ನು ಬಗೆಹರಿಸುತ್ತಿದ್ದರು.

ನಾನು ಮಾಳಿಗೆಯ ಮೇಲೆಯೇ ಕಾಲು ಚಾಚಿ ಕೂತು ಗೋಣಿಚೀಲ ಎಳೆದುಕೊಂಡೆ, ಹಗ್ಗ ಸುತ್ತೋಣವೆಂದು. ಆಕೆ ಗೋಣಿಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅಂಚಿಗೆ ಹಾಸಿದಳು.

"ಮುಂದಿನ ಕ್ಯಾಂಪಿಗಿ ಬರ್ತೀನಂತ ಇವತ್ತ ತಿಳಸ್ತೀನ್ರಿ ಮೇಡಂ" ಎಂದಳು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. "ಈಗ ಏಳ್ರಿ. ಹಗ್ಗ ಹಿಡೀರಿ."

"ಇನ್ನೇನದ ಇಳಸೂದು?"

ಆಕೆ ಉತ್ತರ ಕೊಡದೆ ಗೋಡೆ ದಾಟಿದಳು. ನಾನು ಎದ್ದು ಹಗ್ಗ ಹಿಡಿದೆ. ಕೆಳಗೆ ಮುದುಕರು ಮತ್ತೆ ತಲೆಯೆತ್ತಿರಬೇಕು.

"ಏ ತಂಗಿ! ಈ ಸರ್ತಿ ಏನ್ ತೆಗಿಯಾಕ ಬಂದಿ?"

"ಏನೂ ಇಲ್ರಿ ಅಜ್ಜಾ" ಎಂದಿತು ಗೋಡೆಯಾಚೆಯಿಂದ ನಗುವ ದನಿ. "ಸುಮ್ಮ ಇಳಿಯಾಕತ್ತೀನಿ!"